ದಾಂಪತ್ಯನಿಷ್ಠೆಗೆ ಒಂದೇ ಅಳತೆ

(ಶತಮಾನೋತ್ಸವದ ನಿಮಿತ್ತ ಜರುಗಿದ ಕುಟುಂಬ ಸಮಾವೇಶದಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಈ ಹಬ್ಬಕ್ಕಾಗಿ ನಮ್ಮ ದೇವಾಲಯದ ಹಳೆಯ ವಿವಾಹ ದಾಖಲೆಗಳನ್ನು ಹೊರತೆಗೆದು ನೋಡಿದೆ. ವರನ ಹೆಸರು, ವಧುವಿನ ಹೆಸರು, ಸಾಕ್ಷಿಗಳ ರುಜು ಅಥವಾ ಹೆಬ್ಬೆಟ್ಟು, ಎಲ್ಲವೂ ಅಲ್ಲಿವೆ. ಕೊಟ್ಟ ಮಾತನ್ನು ಯಾರು ಹೇಗೆ ನಡೆಸಿದರೆಂದು ಬರೆಯಲು ಮಾತ್ರ ಅಲ್ಲಿ ಸ್ಥಳವಿಲ್ಲ. ಅದರ ಕುರಿತೇ ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ಇಂಡಿ, ಸಿಂದಗಿಯ ಭೀಮಾತೀರದಿಂದ ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕೃಷ್ಣಾತೀರದವರೆಗೆ ನಮ್ಮ ಜನ ಗುಳೆ ಹೋಗುವುದನ್ನು ಬಲ್ಲರು. ಆಲಮಟ್ಟಿ ಅಣೆಕಟ್ಟಿನಿಂದ ಹಲವು ಊರುಗಳಿಗೆ ನೀರು ಬಂದಿದೆ, ನಿಜ. ಆದರೂ ಗೋವಾದ ಕಟ್ಟಡ ಕೆಲಸಕ್ಕೆ, ಪುಣೆ ಮುಂಬಯಿಗಳಿಗೆ, ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯಲು ಹೊರಡುವವರು ಇಂದಿಗೂ ಇದ್ದಾರೆ. ಗಂಡಹೆಂಡಿರು ಕೂಡಿ ಹೋದರೆ ಕಷ್ಟವನ್ನೂ ಕೂಡಿಯೇ ಉಣ್ಣುತ್ತಾರೆ. ಗಂಡನೊಬ್ಬನೇ ಹೋದಾಗ ಊರಿನ ಕಣ್ಣೆಲ್ಲ ಹೆಂಡತಿಯ ಮೇಲೆ. ಯಾರೊಡನೆ ಮಾತನಾಡಿದಳು, ಸಂತೆಯಿಂದ ಎಷ್ಟು ಹೊತ್ತಿಗೆ ಬಂದಳು, ಎಲ್ಲಕ್ಕೂ ಲೆಕ್ಕ. ಎಂಟು ತಿಂಗಳು ಪರಸ್ಥಳದಲ್ಲಿದ್ದವನನ್ನು ಯಾರೂ ಕೇಳರು.

ಈ ಪಕ್ಷಪಾತಕ್ಕೆ ಕಾನೂನೂ ಹೊರತಾಗಿರಲಿಲ್ಲ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯಲ್ಲಿ ಹೆಂಡತಿಯ ವ್ಯಭಿಚಾರವೊಂದೇ ಗಂಡನ ಅರ್ಜಿಗೆ ಸಾಕಾಗಿತ್ತು. ಗಂಡನ ವ್ಯಭಿಚಾರವಾದರೆ ಅದರೊಡನೆ ಕ್ರೌರ್ಯವನ್ನೋ, ಎರಡು ವರ್ಷ ತೊರೆದುಹೋದುದನ್ನೋ, ಅಂತಹ ಇನ್ನೊಂದು ದೋಷವನ್ನೋ ಹೆಂಡತಿ ತೋರಿಸಬೇಕಿತ್ತು. ಈ ಭೇದ ಅಳಿದದ್ದು 2001ರ ತಿದ್ದುಪಡಿಯಿಂದ. ನಾನು ವಿಚ್ಛೇದನದ ಪರವಾಗಿ ಮಾತನಾಡುತ್ತಿಲ್ಲ. ಧರ್ಮಸಭೆಯ ಬೋಧನೆ ನಿಮಗೆ ತಿಳಿದದ್ದೇ. ತಕ್ಕಡಿಯ ವಿಷಯ ಹೇಳುತ್ತಿದ್ದೇನೆ.

ಪ್ರಭುವಿನ ತಕ್ಕಡಿ ಬೇರೆ. ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳನ್ನು ವರಿಸುವ ಗಂಡಸು ಆ ಹೆಂಡತಿಗೇ ದ್ರೋಹ ಬಗೆಯುತ್ತಾನೆಂದು ಯೇಸುಸ್ವಾಮಿ ಬೋಧಿಸಿದ್ದನ್ನು ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಓದುತ್ತೇವೆ. ಹೆಂಡತಿಯ ದೇಹದ ಮೇಲೆ ಗಂಡನಿಗಿರುವಷ್ಟೇ ಅಧಿಕಾರ ಗಂಡನ ದೇಹದ ಮೇಲೆ ಹೆಂಡತಿಗೂ ಇದೆಯೆಂದು ಸಂತ ಪೌಲರು ಕೊರಿಂಥಿಯರಿಗೆ ಬರೆದರು.

ನಿಷ್ಠೆ ಹಾಸಿಗೆಗೆ ಮಾತ್ರ ಸಂಬಂಧಿಸಿದ್ದಲ್ಲ, ದುಡಿಮೆಗೂ ಸಂಬಂಧಿಸಿದ್ದು. ಬಸವಣ್ಣನವರ ನಾಡಿನವರಾದ ನಿಮಗೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾನು ಹೇಳಬೇಕಿಲ್ಲ. ಗಂಡ ಮಾರಯ್ಯ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹಿಂದಕ್ಕೆ ಸುರಿದು ಬರಲು ಹೇಳಿದಳು, ಅವನು ಕೇಳಿದ. ಗಂಡನ ಗಳಿಕೆಯ ಲೆಕ್ಕ ಹೆಂಡತಿಗೆ ಗೊತ್ತಿದ್ದ ಮನೆ ಅದು.

ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಬಹು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ತಾಯಿಯೊಬ್ಬಳು ಬಂದು, "ಫಾದರ್, ಅವರು ಊರಿಗೆ ಬಂದ್ರ ನನಗ ಅಂಜಿಕಿ ಆಗ್ತದ್ರಿ" ಎಂದಳು. ನಾನು ತಾಳ್ಮೆಯನ್ನು ಉಪದೇಶಿಸಿ, ಜಪಸರ ಹೇಳೆಂದು ಕಳುಹಿಸಿದೆ. ಏತರ ಅಂಜಿಕೆಯೆಂದು ಕೇಳಲಿಲ್ಲ. ಎರಡು ವರ್ಷಗಳ ಮೇಲೆ ಗಂಡ ಏಡ್ಸ್ ರೋಗದಿಂದ ತೀರಿಕೊಂಡ. ರಕ್ತಪರೀಕ್ಷೆಯಲ್ಲಿ ಅವಳಿಗೂ ಸೋಂಕು ಕಂಡಿತು. ಅವನ ಕೊನೆಯ ದಿನಗಳಲ್ಲಿ ಮೈ ಒರೆಸಿ ಗಂಜಿ ಕುಡಿಸಿದವಳು ಅವಳೇ. ಆರೋಗ್ಯದಲ್ಲೂ ಅನಾರೋಗ್ಯದಲ್ಲೂ ಜೊತೆಗಿರುವೆನೆಂದು ಇಬ್ಬರೂ ನುಡಿದಿದ್ದರು, ನಡೆಸಿದವಳು ಒಬ್ಬಳು. ಶವಸಂಸ್ಕಾರಕ್ಕೆ ಬಂದ ನೆಂಟರು ದೂರಿದ್ದೂ ಅವಳನ್ನೇ. ಸರಕಾರಿ ಆಸ್ಪತ್ರೆಯ ಉಚಿತ ಗುಳಿಗೆಗಳಿಂದ ಇಂದಿಗೂ ಬದುಕಿದ್ದಾಳೆ, ಮಕ್ಕಳನ್ನು ದಡ ಸೇರಿಸಿದ್ದಾಳೆ. ನಾನು ಅವಳ ಕ್ಷಮೆ ಕೇಳಿದೆ. "ಇರಲಿ ಬಿಡ್ರಿ, ಫಾದರ್" ಎಂದಳು. ಅಷ್ಟು ಸುಲಭವಾಗಿ ನನಗೆ ಮರೆಯಲಾಗಿಲ್ಲ.

ಅಂದಿನಿಂದ ಮದುವೆಗೆ ಮುನ್ನ ವಧೂವರರೊಡನೆ ಮಾತನಾಡುವಾಗ ವರನಿಂದಲೇ ಆರಂಭಿಸುತ್ತೇನೆ. ದುಡಿಯಲು ಎಲ್ಲಿಗೆ ಹೋಗುವೆ, ಅವಳನ್ನೂ ಕರೆದೊಯ್ಯುವೆಯಾ, ಹಣವನ್ನು ಯಾರ ಕೈಗೆ ಕಳುಹಿಸುವೆ, ಹಿಂದಿರುಗಿದಾಗ ಅವಳು ರಕ್ತಪರೀಕ್ಷೆ ಮಾಡಿಸೆಂದರೆ ಸಿಟ್ಟಾಗುವೆಯಾ? ಕೆಲವರು ತಲೆ ತಗ್ಗಿಸುತ್ತಾರೆ. ಒಂದಿಬ್ಬರು ಎದ್ದುಹೋದದ್ದೂ ಉಂಟು. ಇಲ್ಲಿ ಕುಳಿತಿರುವ ಗಂಡುಮಕ್ಕಳ ತಂದೆಯರು ಈ ಪ್ರಶ್ನೆಗಳನ್ನು ಮನೆಯಲ್ಲೇ ಕೇಳಿದರೆ ನನ್ನ ಕೆಲಸ ಎಷ್ಟೋ ಹಗುರಾದೀತು.