ದೀಪವೂ ದೀಪಸ್ತಂಭವೂ: ದೇವಾಲಯ ಮತ್ತು ಜನಸಂಪರ್ಕ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ನೂರು ವರ್ಷಗಳನ್ನು ಪೂರೈಸಿದ ದೇವಾಲಯವೊಂದು ತನ್ನ ಕಳೆದ ದಿನಗಳನ್ನು ಸ್ಮರಿಸುವುದು ಸಹಜವೂ ಯೋಗ್ಯವೂ ಆಗಿದೆ. ಕಾಡು ಕಡಿದು, ಕಲ್ಲು ಹೊತ್ತು, ಹಿಡಿಯಕ್ಕಿ ಕೂಡಿಸಿ ಇಗರ್ಜಿಯನ್ನು ಕಟ್ಟಿದ ಹಿರಿಯರಿಗೆ ಎಷ್ಟು ವಂದಿಸಿದರೂ ಸಾಲದು. ಆದರೆ ಸಂಘಟಕರು ನಮಗೆ ವಹಿಸಿಕೊಟ್ಟ ವಿಷಯವು ಮುಂದಿನ ದಿನಗಳಿಗೆ ಸಂಬಂಧಿಸಿದ್ದು. ದೇವಾಲಯವು ತನ್ನ ಮಾತನ್ನು ಜನರಿಗೆ ಮುಟ್ಟಿಸುವ ಬಗೆ ಹೇಗೆ? ತನ್ನ ಪರಿಚಯವನ್ನು ತಾನು ಲೋಕಕ್ಕೆ ಮಾಡಿಕೊಡುವ ಬಗೆ ಹೇಗೆ?

ವಿಷಯವನ್ನು ಕೇಳಿದೊಡನೆಯೇ ನಮ್ಮಲ್ಲಿ ಕೆಲವರಿಗೆ ಮುಜುಗರವಾಗಬಹುದು. ಪ್ರಚಾರವು ಸಾಬೂನಿಗೆ ಬೇಕು, ಚುನಾವಣೆಗೆ ಬೇಕು. ದೇವರ ಮನೆಗೆ ಏತಕ್ಕೆ ಎಂದು ಅವರು ಕೇಳುವರು. ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಏಕೆಂದರೆ ಪ್ರಭು ಯೇಸುವಿನ ಒಂದೇ ಪರ್ವತಪ್ರಬೋಧೆಯಲ್ಲಿ ಎರಡು ಬೋಧನೆಗಳು ಒಂದರ ಪಕ್ಕದಲ್ಲೊಂದು ನಿಂತಿವೆ. ದೀಪವನ್ನು ಕೊಳಗದ ಕೆಳಗಿಡದೆ ದೀಪಸ್ತಂಭದ ಮೇಲಿಡಬೇಕೆಂಬುದು ಒಂದು. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯದಿರಲೆಂಬುದು ಇನ್ನೊಂದು. ಮೊದಲನೆಯದು ತೋರಿಸೆನ್ನುತ್ತದೆ, ಎರಡನೆಯದು ಮುಚ್ಚಿಡೆನ್ನುತ್ತದೆ. ಇವೆರಡೂ ಒಂದಕ್ಕೊಂದು ವಿರೋಧವೇ?

ಅಲ್ಲವೆಂದು ನಮ್ಮ ನಂಬಿಕೆ. ದೀಪವು ಉರಿಯುವುದು ತನ್ನನ್ನು ತೋರಿಸಿಕೊಳ್ಳಲಿಕ್ಕಲ್ಲ, ಮನೆಯಲ್ಲಿರುವವರಿಗೆ ದಾರಿ ಕಾಣಲಿಕ್ಕೆ. ನೋಡುವವನ ಕಣ್ಣು ನಮ್ಮ ಮೇಲೆಯೇ ನಿಂತರೆ ಅದು ಜಂಬ. ನಮ್ಮನ್ನು ದಾಟಿ ದೇವರ ಕಡೆಗೂ ನೆರೆಯವನ ಕಡೆಗೂ ಹರಿದರೆ ಅದು ಸಾಕ್ಷ್ಯ. ದೇವಾಲಯದ ಪ್ರತಿಯೊಂದು ಪ್ರಕಟಣೆಯನ್ನೂ, ಪ್ರತಿಯೊಂದು ಚಿತ್ರವನ್ನೂ ಈ ಒಂದೇ ಒರೆಗಲ್ಲಿಗೆ ಹಚ್ಚಿ ನೋಡಬಹುದು.

ಇದಕ್ಕೆ ನಿದರ್ಶನವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ವೇಣೂರಿನಲ್ಲೇ ಫಲ್ಗುಣೀ ನದಿಯ ದಂಡೆಯ ಮೇಲೆ, 1604ರಲ್ಲಿ ಅಜಿಲ ಅರಸ ತಿಮ್ಮಣ್ಣನು ನಿಲ್ಲಿಸಿದ ಬಾಹುಬಲಿಯ ಏಕಶಿಲಾ ಮೂರ್ತಿಯಿದೆ. ಜೈನ ಬಾಂಧವರ ಆ ಮೂರ್ತಿ ನಾಲ್ಕು ಶತಮಾನಗಳಿಂದ ಒಂದು ಮಾತನ್ನೂ ಆಡಿಲ್ಲ. ಆದರೂ ತ್ಯಾಗವೆಂದರೇನೆಂಬುದನ್ನು ದಾರಿಹೋಕನಿಗೂ ತಿಳಿಸುತ್ತಿದೆ. 2012ರಲ್ಲಿಯೂ 2024ರಲ್ಲಿಯೂ ಜರಗಿದ ಮಹಾಮಸ್ತಕಾಭಿಷೇಕಕ್ಕೆ ಜನರು ದೂರದೂರದಿಂದ ಬಂದುದನ್ನು ನಾವೆಲ್ಲರೂ ಕಂಡಿದ್ದೇವೆ. ಇತ್ತ ಕಾರ್ಕಳದ ಅತ್ತೂರಿನಲ್ಲಿ, 2016ರಲ್ಲಿ ಬಸಿಲಿಕಾ ಪದವಿಯನ್ನು ಪಡೆದ ಸಂತ ಲಾರೆನ್ಸರ ಪುಣ್ಯಕ್ಷೇತ್ರವಿದೆ. ಅಲ್ಲಿನ ಸಾಂತ್‌ಮಾರಿ ಜಾತ್ರೆಗೆ ಬರುವವರು ಕೆಥೊಲಿಕರು ಮಾತ್ರವಲ್ಲ. ಮೇಣದಬತ್ತಿಯನ್ನು ಹಿಡಿದು ಸಾಲಿನಲ್ಲಿ ನಿಂತ ಹಿಂದೂ ತಾಯಂದಿರನ್ನು ಯಾವ ಭಿತ್ತಿಪತ್ರವೂ ಕರೆತರಲಿಲ್ಲ. ಕಷ್ಟದಲ್ಲಿ ಹೋದವರಿಗೆ ಅಲ್ಲಿ ಸಮಾಧಾನ ದೊರಕಿತೆಂಬ ಮಾತು ಒಬ್ಬರ ಬಾಯಿಂದ ಒಬ್ಬರ ಕಿವಿಗೆ ದಾಟಿತು. ಅಷ್ಟೇ ಅಲ್ಲಿನ ಪ್ರಚಾರ.

ಹಾಗೆಂದು ಸುಮ್ಮನಿದ್ದರೆ ಸಾಕೆಂದು ನಾವು ಹೇಳುತ್ತಿಲ್ಲ. ನಮ್ಮ ಜಿಲ್ಲೆಯ ಇತಿಹಾಸವೇ ಬೇರೆ ಪಾಠವನ್ನು ಕಲಿಸುತ್ತದೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನಿನ ಹೆರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆಯದು. ಅದೇ ದಿನವನ್ನು ಕರ್ನಾಟಕವು ಇಂದಿಗೂ ಪತ್ರಿಕಾ ದಿನವನ್ನಾಗಿ ಆಚರಿಸುತ್ತದೆ. ಅವರು ಪ್ರೊಟೆಸ್ಟೆಂಟರು, ನಾವು ಕೆಥೊಲಿಕರು. ಆದರೂ ಒಳ್ಳೆಯದನ್ನು ಒಳ್ಳೆಯದೆನ್ನಲು ಸಂಕೋಚವೇಕೆ? ನಾಡಿನ ಜನರಿಗೆ ನಾಡಿನ ಭಾಷೆಯಲ್ಲಿ ನಾಡಿನ ಸುದ್ದಿಯನ್ನು ಕೊಡುವುದೇ ಒಂದು ಸೇವೆಯೆಂಬುದನ್ನು ಅವರು ಮೊದಲಿಗೆ ಅರಿತುಕೊಂಡರು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯ ಗುರುಗಳು ಕೆಲವೇ ವರ್ಷಗಳಲ್ಲಿ ಕೊಡಿಯಾಲಬೈಲಿನಲ್ಲಿ ಮುದ್ರಣಾಲಯವನ್ನು ತೆರೆದರು. 1912ರಲ್ಲಿ ಲುವಿಸ್ ಮಸ್ಕರೇನ್ಹಸರು ‘ಕೊಂಕಣಿ ದಿರ್ವೆಂ’ ಪತ್ರಿಕೆಯನ್ನು ಹೊರಡಿಸಿದರು. 1938ರಲ್ಲಿ ‘ರಾಕ್ಣೊ’ ಹುಟ್ಟಿತು. ಕನ್ನಡ ಲಿಪಿಯ ಆ ಕೊಂಕಣಿ ಪತ್ರಿಕೆಯನ್ನು ಓದಿಯೇ ಅಕ್ಷರದ ರುಚಿಯನ್ನು ಕಂಡ ಅಜ್ಜಿಯಂದಿರು ನಮ್ಮ ಎಷ್ಟೋ ಮನೆಗಳಲ್ಲಿದ್ದರು.

ಅಕ್ಷರ ಬಾರದವರನ್ನೂ ನಮ್ಮ ಹಿರಿಯರು ಮರೆಯಲಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರದ ಗೋಡೆ ಛಾವಣಿಗಳ ಮೇಲೆ, ಇಟಲಿಯಿಂದ ಬಂದ ಸಹೋದರ ಅಂತೋನಿಯೊ ಮೊಸ್ಕೇನಿಯವರು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬಿಡಿಸಿದ ಚಿತ್ರಗಳನ್ನು ನೋಡಿರಿ. ಪುಸ್ತಕವನ್ನು ತೆರೆಯಲಾರದವನಿಗೂ ಅವು ಸಂತರ ಚರಿತ್ರೆಯನ್ನು ಹೇಳಿಕೊಡುತ್ತವೆ. 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರರು ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧವನ್ನು ಹಂಚಲಾರಂಭಿಸಿದರು. ಮುಂದೆ ಕುಷ್ಠರೋಗಿಗಳಿಗೂ ಆಶ್ರಯವನ್ನು ಕಟ್ಟಿದರು. ಅವರು ಧರ್ಮಸಭೆಯ ಕುರಿತು ಮಾಡಿದ ಅತ್ಯಂತ ಗಟ್ಟಿಯಾದ ಭಾಷಣ ಅದೇ ಅಲ್ಲವೇ?

ಮುದ್ರಣಾಲಯಕ್ಕಿಂತಲೂ ಹಳೆಯ ಸಾಧನಗಳು ನಮ್ಮಲ್ಲಿದ್ದವು. ದಿನಕ್ಕೆ ಮೂರು ಬಾರಿ ಮೊಳಗುವ ಗಂಟೆಯು ಗದ್ದೆಯಲ್ಲಿದ್ದವನಿಗೂ ಪ್ರಾರ್ಥನೆಯ ಹೊತ್ತನ್ನು ತಿಳಿಸುತ್ತಿತ್ತು. ಮರಣದ ಗಂಟೆಯನ್ನು ಕೇಳಿದೊಡನೆ, ಹೋದವರಾರೆಂದು ವಿಚಾರಿಸಲು ನೆರೆಯ ತುಳುವರೂ ಅಂಗಳಕ್ಕಿಳಿಯುತ್ತಿದ್ದರು. ಪ್ರತಿಯೊಂದು ವಾಳೆಗೂ ಒಬ್ಬ ಗುರ್ಕಾರನಿದ್ದನು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಜಗಳ, ಯಾರ ಮಗಳ ಮದುವೆ ಹಣವಿಲ್ಲದೆ ನಿಂತಿದೆ ಎಂಬುದು ಅವನಿಗೆ ತಿಳಿದಿತ್ತು; ಅವನ ಮೂಲಕ ವಿಗಾರರಿಗೆ ತಿಳಿಯುತ್ತಿತ್ತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗುರ್ಕಾರನು ವಿಗಾರರ ಮಾತನ್ನು ಜನರಿಗೆ ಹೇಳುವವನಷ್ಟೇ ಆಗಿರಲಿಲ್ಲ. ಜನರ ಮಾತನ್ನು ವಿಗಾರರಿಗೆ ಮುಟ್ಟಿಸುವವನೂ ಆಗಿದ್ದನು. ಸಂಪರ್ಕವೆಂದರೆ ಎರಡು ಕಡೆಗೂ ನಡೆಯುವ ದಾರಿ. ಇಂದಿನ ನಮ್ಮ ಸಾಧನಗಳಲ್ಲಿ ಬಹುಪಾಲು ಒಂದೇ ಕಡೆಗೆ ಕೂಗುತ್ತವೆ. ಧ್ವನಿವರ್ಧಕಕ್ಕೆ ಬಾಯಿಯಿದೆ, ಕಿವಿಯಿಲ್ಲ.

1784ರಿಂದ 1799ರ ವರೆಗೆ ನಮ್ಮ ಪೂರ್ವಜರು ಶ್ರೀರಂಗಪಟ್ಟಣದ ಸೆರೆಯಲ್ಲಿದ್ದಾಗ ಅವರಿಗೆ ಇಗರ್ಜಿಯ ಆಸರೆಯಿರಲಿಲ್ಲ, ಗಂಟೆಯೂ ಇರಲಿಲ್ಲ. ಆದರೂ ವಿಶ್ವಾಸವು ಅಳಿಯಲಿಲ್ಲ. ತಾಯಿಯ ಬಾಯಿಂದ ಮಗುವಿನ ಕಿವಿಗೆ ಅದು ದಾಟಿತು. ಮನೆಯೇ ಮೊದಲ ಸಂಪರ್ಕ ಕೇಂದ್ರವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಸಂಜೆಯ ಜಪಸರವು ನಿಂತ ಮನೆಗೆ ಯಾವ ಪತ್ರಿಕೆ, ಯಾವ ಪರದೆ ತಾನೆ ವಿಶ್ವಾಸವನ್ನು ತಂದುಕೊಟ್ಟೀತು?

ಧರ್ಮಸಭೆಯು ಈ ವಿಷಯದಲ್ಲಿ ಹಿಂಜರಿದಿಲ್ಲ. ಸಂತ ಫ್ರಾನ್ಸಿಸ್ ದೆ ಸಾಲ್ಸರು ತಮ್ಮ ಪ್ರವಚನಕ್ಕೆ ಜನರು ಬಾರದಿದ್ದಾಗ, ಚಿಕ್ಕ ಹಾಳೆಗಳಲ್ಲಿ ಬರೆದು ಬಾಗಿಲುಗಳ ಕೆಳಗೆ ತೂರಿಸಿದರು. ಅವರನ್ನು 1923ರಲ್ಲಿ ಪತ್ರಕರ್ತರ ಪಾಲಕರೆಂದು ಸಾರಲಾಯಿತು. 1931ರಲ್ಲಿ ಮಾರ್ಕೋನಿಯವರ ನೆರವಿನಿಂದ ವ್ಯಾಟಿಕನ್ ರೇಡಿಯೋ ಆರಂಭವಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಸಂಪರ್ಕ ಮಾಧ್ಯಮಗಳನ್ನು ಕುರಿತೇ ಒಂದು ಆಜ್ಞಾಪತ್ರವನ್ನು ಹೊರಡಿಸಿತು. 1967ರಿಂದ ವರ್ಷಕ್ಕೊಮ್ಮೆ ವಿಶ್ವ ಸಂಪರ್ಕ ದಿನವನ್ನು ಆಚರಿಸುತ್ತಿದ್ದೇವೆ. ಆದರೆ ಜಗದ್ಗುರು ಆರನೆಯ ಪೌಲರು 1975ರಲ್ಲಿ ನೀಡಿದ ಎಚ್ಚರಿಕೆಯನ್ನೂ ಮರೆಯಬಾರದು. ಈ ಕಾಲದ ಮನುಷ್ಯನು ಬೋಧಕರಿಗಿಂತ ಸಾಕ್ಷಿಗಳಿಗೆ ಕಿವಿಗೊಡುತ್ತಾನೆಂಬುದು ಅದರ ಸಾರ.

ಇನ್ನು ನಮ್ಮ ಕಾಲದ ನೋವಿನ ವಿಷಯಕ್ಕೆ ಬರೋಣ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಆರಾಧನಾ ಮಠದ ಮೇಲೂ, ಜಿಲ್ಲೆಯ ಹಲವು ಪ್ರಾರ್ಥನಾ ಮಂದಿರಗಳ ಮೇಲೂ ದಾಳಿಗಳಾದವು. ಆ ದುಷ್ಕೃತ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೂ ನಾವು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗಿದೆ. ಶತಮಾನಗಳಿಂದ ಒಂದೇ ಬಾವಿಯ ನೀರು ಕುಡಿದ ನೆರೆಯವರಲ್ಲಿ ಕೆಲವರು ನಮ್ಮ ಕುರಿತು ಹಬ್ಬಿದ ಗಾಳಿಮಾತನ್ನು ನಂಬುವಂತಾದುದು ಏಕೆ? ನಮ್ಮ ದೇವಾಲಯದೊಳಗೆ ನಡೆಯುವುದೇನೆಂಬುದು ಅವರಿಗೆ ತಿಳಿದಿತ್ತೇ? ತಿಳಿಸಲು ನಾವು ಯತ್ನಿಸಿದ್ದೆವೇ? ಖಾಲಿ ಉಳಿದ ಜಾಗದಲ್ಲಿ ಕಳೆ ಬೆಳೆಯುತ್ತದೆ. ತಿಳಿವಳಿಕೆಯಿಲ್ಲದಲ್ಲಿ ವದಂತಿ ಬೆಳೆಯುತ್ತದೆ.

ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ನಮ್ಮಲ್ಲಿ ಹಲವರು ಮನೆಯಲ್ಲಿಯೂ ಪೂಜೆಯಲ್ಲಿಯೂ ಕೊಂಕಣಿಯನ್ನಾಡುತ್ತೇವೆ. ಸಂತೆಯಲ್ಲಿ, ಬಸ್ಸಿನಲ್ಲಿ, ಗದ್ದೆಯಲ್ಲಿ ತುಳುವನ್ನಾಡುತ್ತೇವೆ. ಶಾಲೆ ಕಚೇರಿಗಳಲ್ಲಿ ಕನ್ನಡ. 1999ರಲ್ಲಿ ಬೆಳ್ತಂಗಡಿಯಲ್ಲಿ ಸಿರೋ-ಮಲಬಾರ್ ಧರ್ಮಪ್ರಾಂತವು ಸ್ಥಾಪನೆಯಾಯಿತು; ಅಲ್ಲಿನ ಬಾಂಧವರ ಮನೆಮಾತು ಮಲೆಯಾಳ. ಇಷ್ಟು ಭಾಷೆಗಳ ನಡುವೆ ಬಾಳುವುದು ನಮ್ಮ ಭಾಗ್ಯ. ಆದರೆ ನಮ್ಮ ಸುದ್ದಿಯೆಲ್ಲವೂ ಕೊಂಕಣಿಯಲ್ಲೇ ಉಳಿದರೆ ಗೋಡೆಯಾಚೆಯ ನೆರೆಯವನಿಗೆ ಅದು ಗುಟ್ಟಿನಂತೆ ಕೇಳೀತು. ಒಳಗಿನ ಪ್ರಾರ್ಥನೆ ಹೃದಯದ ಭಾಷೆಯಲ್ಲಿರಲಿ. ಹೊರಬಾಗಿಲಿನ ಫಲಕವು ಕನ್ನಡದಲ್ಲಿರಲಿ. ನೆರೆಯವನೊಡನೆ ಮಾತು ತುಳುವಿನಲ್ಲಿರಲಿ.

ಈಗ ಕೆಲವು ಕಾರ್ಯಸಾಧ್ಯವಾದ ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇವೆ.

ಮೊದಲನೆಯದಾಗಿ, ಪೂಜೆಯ ಕೊನೆಯಲ್ಲಿ ಓದುವ ಪ್ರಕಟಣೆಗಳು ಚಿಕ್ಕದಾಗಿರಲಿ. ಹತ್ತು ವಿಷಯಗಳನ್ನು ಓದಿದರೆ ಮನೆಗೆ ಹೋಗುವಾಗ ಒಂದೂ ನೆನಪಿರದು. ಮುಖ್ಯವಾದ ಮೂರನ್ನು ಓದಿ, ಉಳಿದುದನ್ನು ಫಲಕದಲ್ಲಿ ಬರೆದರೆ ಸಾಕು.

ಎರಡನೆಯದಾಗಿ, ಹಬ್ಬಗಳಿಗೆ ನೆರೆಯವರನ್ನು ಕರೆಯೋಣ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ನಾವು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತರುತ್ತೇವೆ. ನಮ್ಮ ಹಿಂದೂ ಬಾಂಧವರೂ ತೆನೆಹಬ್ಬವನ್ನು ಆಚರಿಸುತ್ತಾರೆ. ಒಂದೇ ಮಣ್ಣಿನ ಈ ಎರಡು ಹಬ್ಬಗಳ ನಡುವೆ ಸೇತುವೆಯನ್ನು ಕಟ್ಟಲು ದೊಡ್ಡ ವೇದಿಕೆ ಬೇಡ. ನೆರೆಮನೆಗೆ ಒಂದು ತೆನೆಯನ್ನು ಕೊಂಡೊಯ್ದರೆ ಸಾಕು. ನಾವು ಕರೆಯುವಷ್ಟೇ ಸಂತೋಷದಿಂದ ಅವರ ಕರೆಗೂ ಓಗೊಡಬೇಕು.

ಮೂರನೆಯದಾಗಿ, ಪತ್ರಿಕೆಗಳ ಸ್ಥಳೀಯ ಬಾತ್ಮೀದಾರರನ್ನು ಸಮಾರಂಭವಿದ್ದಾಗ ಮಾತ್ರ ನೆನೆಯುವ ಪದ್ಧತಿ ತಪ್ಪಬೇಕು. ಪಾಲನಾ ಮಂಡಳಿಯು ಒಬ್ಬರಿಗೆ ಈ ಹೊಣೆಯನ್ನು ವಹಿಸಿ, ಸರಿಯಾದ ಸುದ್ದಿಯನ್ನು ಅಂದಂದೇ, ಶುದ್ಧವಾದ ಕನ್ನಡದಲ್ಲಿ ಕೊಡುವಂತೆ ಮಾಡಬೇಕು. ವೇದಿಕೆಯಲ್ಲಿದ್ದವರ ಹೆಸರುಗಳ ಪಟ್ಟಿ ಸುದ್ದಿಯಾಗಲಾರದು. ಊರಿಗಾದ ಉಪಕಾರವೇನೆಂಬುದು ಸುದ್ದಿ.

ನಾಲ್ಕನೆಯದಾಗಿ, ಲೆಕ್ಕಪತ್ರ. ಜನರು ಕೊಟ್ಟ ಹಣದ ಜಮಾಖರ್ಚನ್ನು ವರ್ಷಕ್ಕೊಮ್ಮೆಯಾದರೂ ಎಲ್ಲರಿಗೂ ಅರ್ಥವಾಗುವಂತೆ ಪ್ರಕಟಿಸುವುದಕ್ಕಿಂತ ಉತ್ತಮವಾದ ಪ್ರಚಾರ ಬೇರೊಂದಿಲ್ಲ. ಒಳ್ಳೆಯ ಸುದ್ದಿಯನ್ನು ಮಾತ್ರ ಹೇಳಿ ಕಹಿಯನ್ನು ಮುಚ್ಚಿಡುವ ಸಂಸ್ಥೆಯ ಒಳ್ಳೆಯ ಸುದ್ದಿಯನ್ನೂ ಜನರು ನಂಬರು.

ಐದನೆಯದಾಗಿ, ಬಡವರಿಗೆ ಸಹಾಯ ಮಾಡುವಾಗ ಅವರ ಚಿತ್ರವನ್ನು ತೆಗೆಯಬೇಡಿರಿ. ಅಕ್ಕಿಯ ಚೀಲವೊಂದನ್ನು ಐದು ಮಂದಿ ಹಿಡಿದು, ಪಡೆಯುವ ವಿಧವೆಯನ್ನು ನಡುವೆ ನಿಲ್ಲಿಸಿ ತೆಗೆದ ಚಿತ್ರದಲ್ಲಿ ದೀಪವೂ ಇಲ್ಲ, ಬೆಳಕೂ ಇಲ್ಲ. ಇಷ್ಟು ಕುಟುಂಬಗಳಿಗೆ ನೆರವಾಯಿತೆಂದು ಲೆಕ್ಕ ಹೇಳಿರಿ. ಹೆಸರನ್ನು ಪ್ರಭುವಿಗೆ ಬಿಡಿರಿ.

ಕೊನೆಯದಾಗಿ, ಎಲ್ಲರ ಕೈಯಲ್ಲಿರುವ ಮೊಬೈಲ್ ಫೋನು. 2020ರ ಮಾರ್ಚ್ ತಿಂಗಳಿನಲ್ಲಿ ಕೊರೊನಾ ವ್ಯಾಧಿಯಿಂದಾಗಿ ದೇವಾಲಯಗಳ ಬಾಗಿಲು ಮುಚ್ಚಿದಾಗ, ಬಲಿಪೂಜೆಯು ಈ ಪುಟ್ಟ ಪರದೆಯ ಮೂಲಕ ಮನೆಗಳನ್ನು ತಲುಪಿತು. ಹಾಸಿಗೆ ಹಿಡಿದವರಿಗೂ, ಮುಂಬಯಿ ಬೆಂಗಳೂರು ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮ ಮಕ್ಕಳಿಗೂ ಅದು ಇಂದಿಗೂ ಉಪಕಾರಿ. ಆದರೆ ಪರಮಪ್ರಸಾದವನ್ನು ಪರದೆಯ ಮೂಲಕ ಸ್ವೀಕರಿಸಲಾಗದು. ಅಳುವವರ ಹೆಗಲ ಮೇಲೆ ಕೈಯಿಡುವುದೂ ಪರದೆಯಿಂದ ಸಾಧ್ಯವಿಲ್ಲ. ವಾಟ್ಸಾಪ್ ಬಳಗಗಳಲ್ಲಿ ಬಂದುದನ್ನೆಲ್ಲ ವಿಚಾರಿಸದೆ ಮುಂದಕ್ಕೆ ಕಳುಹಿಸುವ ಚಾಳಿಯನ್ನು ನಾವು ಬಿಡಬೇಕು. ಗಾಳಿಮಾತಿನಿಂದ ನೊಂದ ನಾವೇ ಇನ್ನೊಂದು ಸಮುದಾಯದ ಕುರಿತು ಗಾಳಿಮಾತನ್ನು ಹಬ್ಬಿಸಿದರೆ ಅದು ಪಾಪವಲ್ಲದೆ ಮತ್ತೇನು? ಯುವಕರೇ, ಹದಿನೈದನೆಯ ವಯಸ್ಸಿನಲ್ಲಿ, 2006ರಲ್ಲಿ ಮೃತನಾದ ಕಾರ್ಲೊ ಅಕುತಿಸನನ್ನು ನೆನೆಯಿರಿ. ಕಂಪ್ಯೂಟರನ್ನು ಬಳಸಿ ಪರಮಪ್ರಸಾದದ ಅದ್ಭುತಗಳನ್ನು ಲೋಕಕ್ಕೆ ಪರಿಚಯಿಸಿದ ಆ ಬಾಲಕನನ್ನು ಧರ್ಮಸಭೆಯು 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿಸಿತು. ನಿಮ್ಮ ಕೈಯಲ್ಲಿರುವ ಸಾಧನವೂ ಅದೇ ಜಾತಿಯದು.

ಬಾಂಧವರೇ, ಇಷ್ಟೆಲ್ಲವನ್ನು ಮಾಡಿದ ಮೇಲೂ ಒಂದು ಮಾತು ಉಳಿಯುತ್ತದೆ. ಈ ಊರಿನವರು ನಮ್ಮ ದೇವಾಲಯದ ಕುರಿತು ಏನನ್ನು ನಂಬುವರೆಂಬುದು ನಮ್ಮ ಫಲಕದಿಂದಾಗಲಿ, ಇಂದು ಬಿಡುಗಡೆಯಾಗುವ ಸ್ಮರಣ ಸಂಚಿಕೆಯಿಂದಾಗಲಿ ಮಾತ್ರ ನಿರ್ಣಯವಾಗದು. ಅಂಗಡಿಯಲ್ಲಿ ನಾವು ತೂಗುವ ತಕ್ಕಡಿ, ಕೂಲಿಯಾಳಿಗೆ ನಾವು ಕೊಡುವ ಸಂಬಳ, ನಮ್ಮ ಶಾಲೆಯಲ್ಲಿ ಬಡ ಮಗುವಿಗೆ ಸಿಗುವ ಮರ್ಯಾದೆ, ನೆರೆಮನೆಯ ಶವಸಂಸ್ಕಾರದ ದಿನ ನಾವು ಅಲ್ಲಿದ್ದೆವೋ ಇಲ್ಲವೋ ಎಂಬುದು — ಇವೇ ಅದನ್ನು ನಿರ್ಣಯಿಸುವುವು. ನಾವು ಪ್ರತಿಯೊಬ್ಬರೂ ದೇವಾಲಯದ ಪ್ರಕಟಣಾ ಪತ್ರಗಳು. ಕ್ರಿಸ್ತನ ಪತ್ರವೆಂದು ಸಂತ ಪೌಲರು ಕೊರಿಂಥದ ಜನರನ್ನೇ ಕರೆದುದು ಈ ಅರ್ಥದಲ್ಲಿಯೇ ಅಲ್ಲವೇ? ಆ ಪತ್ರವನ್ನು ಇತರರು ದಿನವೂ ಓದುತ್ತಿದ್ದಾರೆ. ಅದರಲ್ಲಿ ತಪ್ಪಕ್ಷರಗಳು ಕಡಿಮೆಯಾಗುವಂತೆ ಎರಡನೆಯ ಶತಮಾನದಲ್ಲಿ ಬಾಳುವ ಕೃಪೆಯನ್ನು ಪ್ರಭು ನಮಗೆ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.