ಮುತ್ಯಾ ಹೇಳದೇ ಹೋದ ಗಿಡ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಪಶುಪಾಲನಾ ಇಲಾಖೆಯಲ್ಲಿ ಮೂವತ್ತು ವರ್ಷ ದನಕರುಗಳಿಗೆ ಸೂಜಿ ಹಾಕಿದವನು ನಾನು. ಆದರೆ ಪಶುವೈದ್ಯದ ಮೊದಲ ಪಾಠ ಕಲಿತದ್ದು ನಮ್ಮ ಮನೆಯ ಕೊಟ್ಟಿಗೆಯಲ್ಲಿ. ಮಾಸ್ತರು ನಮ್ಮ ಮುತ್ಯಾ.

ಮುತ್ಯಾನಿಗೆ ಓದು ಬರುತ್ತಿರಲಿಲ್ಲ. ಎತ್ತಿಗೆ ಹೊಟ್ಟೆ ಉಬ್ಬಿದರೆ ಅಜವಾನ, ಇಂಗು ಕುಟ್ಟಿ ಎಣ್ಣೆಯಲ್ಲಿ ಕಲಸಿ ಬಿದಿರಿನ ಗೊಟ್ಟದಲ್ಲಿ ಕುಡಿಸುತ್ತಿದ್ದ. ಕುರಿಯ ಕಾಲು ಮುರಿದರೆ ಬೇಲಿಯ ಮಂಗರವಳ್ಳಿ ಜಜ್ಜಿ ಕಟ್ಟಿ, ಮೇಲೆ ಬಿದಿರಿನ ದಬ್ಬೆ ಬಿಗಿಯುತ್ತಿದ್ದ. ಹುಳು ಬಿದ್ದ ಗಾಯಕ್ಕೆ ಸೀತಾಫಲದ ಎಲೆಯ ರಸ, ನೊಣ ಕೂರದಂತೆ ಬೇವಿನ ಎಣ್ಣೆ, ಮಳೆಗಾಲದ ಸಂಜೆ ಕೊಟ್ಟಿಗೆಗೆ ಲಕ್ಕಿ ಸೊಪ್ಪಿನ ಹೊಗೆ. ಯಾರ ಹತ್ತಿರವೂ ಒಂದು ಪೈಸೆ ಮುಟ್ಟಿದವನಲ್ಲ.

ಕುರಿಮರಿಗಳಿಗೆ ಭೇದಿಯಾದರೆ ಮಾತ್ರ ನಸುಕಿನಲ್ಲೇ ಗುಡ್ಡಕ್ಕೆ ಹೋಗುತ್ತಿದ್ದ. ಬಂಡೆಗಳ ಸಂದಿಯಿಂದ ಏನೋ ಸೊಪ್ಪು ತಂದು, ನಮಗೆ ಬೆನ್ನು ಮಾಡಿ ಕುಳಿತು ಅರೆಯುತ್ತಿದ್ದ. "ಯಾವ ಗಿಡ ಮುತ್ಯಾ?" ಎಂದರೆ, "ಹೇಳಿದ್ರ ಔಷಧದ ಗುಣ ಹೋಗ್ತೈತಿ ತಮ್ಮಾ. ವ್ಯಾಳ್ಯಾ ಬಂದಾಗ ಹೇಳ್ತೀನಿ" ಅನ್ನುತ್ತಿದ್ದ. ಆ ವ್ಯಾಳ್ಯಾ ಬರಲಿಲ್ಲ. ನಾನು ಹತ್ತನೆಯ ತರಗತಿಯ ಪರೀಕ್ಷೆ ಬರೆಯುವಾಗ ಮುತ್ಯಾ ತೀರಿಕೊಂಡ. ಆ ಗಿಡ ಇಂದಿಗೂ ಅದೇ ಗುಡ್ಡದಲ್ಲಿರಬಹುದು. ಎಷ್ಟೋ ಸಲ ನಾನು ಅದನ್ನು ತುಳಿದುಕೊಂಡೇ ನಡೆದಿರಬಹುದು.

ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ನಾನು ಎಂಟನೆಯ ತರಗತಿಯಲ್ಲಿದ್ದಾಗ, ಮುಂಗಾರಿನ ಮೊದಲ ಮಳೆಗೆ ನಮ್ಮ ಎತ್ತಿಗೆ ಜ್ವರ ಬಂದು ಗಂಟಲು ಬಾತಿತು. ಮುತ್ಯಾ ಸೊಪ್ಪು ಅರೆದು ಹಚ್ಚಿದ, ಕೊನೆಗೆ ಬರೆಯನ್ನೂ ಹಾಕಿದ. ಬೆಳಗಾಗುವಷ್ಟರಲ್ಲಿ ಎತ್ತು ಸತ್ತಿತ್ತು. ಆ ವರ್ಷ ಮಂದಿಯ ಎತ್ತು ಕೇಳಿ ಗದ್ದೆ ಹೂಡಿದೆವು. ಅದು ಗಳಲೆ ರೋಗವೆಂದು ನನಗೆ ತಿಳಿದದ್ದು ಇಲಾಖೆಯ ತರಬೇತಿಯಲ್ಲಿ. ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸಿದ್ದರೆ ಎತ್ತು ಉಳಿಯುತ್ತಿತ್ತೇನೋ. ಗಳಲೆ, ಚಪ್ಪೆ, ಕಾಲುಬಾಯಿ ಬೇನೆ ತಡೆಯುವುದು ಲಸಿಕೆಯೇ ಹೊರತು ಸೊಪ್ಪಲ್ಲ. ದಯವಿಟ್ಟು ಇದನ್ನು ಮರೆಯಬೇಡಿ.

ಹಾಗೆಂದು ಹಳೆಯದೆಲ್ಲ ಸುಳ್ಳಲ್ಲ. ಸುಮಾರು 900 ವರ್ಷಗಳ ಹಿಂದೆ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಕನ್ನಡದಲ್ಲಿ 'ಗೋವೈದ್ಯ' ಎಂಬ ಗ್ರಂಥ ಬರೆದ. ಅವನು ಆರನೆಯ ವಿಕ್ರಮಾದಿತ್ಯನ ಸಹೋದರ. ನಮ್ಮ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯ ಕಟ್ಟಿಸಿದವನು ಅದೇ ವಿಕ್ರಮಾದಿತ್ಯನ ದಂಡನಾಯಕ. 'ಗೋವೈದ್ಯ'ದಲ್ಲಿ ಮದ್ದೂ ಇದೆ, ಮಂತ್ರವೂ ಇದೆ. ಬರೆದಿಟ್ಟದ್ದರಿಂದ ಯಾವುದು ಮದ್ದು, ಯಾವುದು ಬರೀ ನಂಬಿಕೆ ಎಂದು ನಾವು ಇಂದು ಪರೀಕ್ಷಿಸಬಹುದು. ಮುತ್ಯಾನ ಗಿಡವನ್ನು ಪರೀಕ್ಷಿಸುವುದು ಹೇಗೆ?

ಒಂದು ಉದಾಹರಣೆ ಕೊಡುತ್ತೇನೆ. ಆಕಳ ಕೆಚ್ಚಲು ಬಾವಿಗೆ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಈ ಮನೆಮದ್ದನ್ನು ಪ್ರಚಾರ ಮಾಡುತ್ತಿದೆ: ಲೋಳೆಸರ 250 ಗ್ರಾಂ, ಅರಿಶಿಣ ಪುಡಿ 50 ಗ್ರಾಂ, ಎಲೆ ಅಡಿಕೆಗೆ ಬಳಸುವ ಸುಣ್ಣ 15 ಗ್ರಾಂ. ಮೂರನ್ನೂ ಒಟ್ಟಿಗೆ ಅರೆದರೆ ಕೆಂಪಗಾಗುತ್ತದೆ. ಹಾಲು ಪೂರ್ತಿ ಹಿಂಡಿ, ಕೆಚ್ಚಲು ತೊಳೆದು, ಸ್ವಲ್ಪ ಸ್ವಲ್ಪವೇ ನೀರಿನಲ್ಲಿ ತೆಳುವಾಗಿ ಕಲಸಿ ದಿನಕ್ಕೆ ಎಂಟು-ಹತ್ತು ಸಲ ಹಚ್ಚಬೇಕು, ಐದು ದಿನ. ಮೂರೂ ನಮ್ಮ ಮನೆಯಲ್ಲೇ ಸಿಗುವ ವಸ್ತುಗಳು. ಆದರೆ ನೋಡಿ, ಇಲ್ಲಿ ಅಳತೆ ಇದೆ, ದಿನದ ಲೆಕ್ಕ ಇದೆ, ಗುಟ್ಟಿಲ್ಲ. ಆಕಳಿಗೆ ಜ್ವರ ಬಂದು ಮೇವು ಬಿಟ್ಟರೆ ಮಾತ್ರ ಕಾಯದೆ ವೈದ್ಯರನ್ನು ಕರೆಯಿರಿ.

ಮಕ್ಕಳೇ, ಸುವರ್ಣ ಮಹೋತ್ಸವದ ನೆನಪಿಗೆ ನಿಮ್ಮಿಂದ ಒಂದೇ ಕೆಲಸ ಕೇಳುತ್ತೇನೆ. ಪ್ರತಿಯೊಬ್ಬರೂ ನೂರು ಹಾಳೆಯ ಒಂದು ನೋಟ್‌ಬುಕ್ ಹಿಡಿದು ನಿಮ್ಮ ಮುತ್ಯಾ, ಅಮ್ಮನ ಹತ್ತಿರ, ಕುರಿ ಕಾಯುವವರ ಹತ್ತಿರ ಕುಳಿತುಕೊಳ್ಳಿ. ಗಿಡದ ಹೆಸರು, ಬಳಸುವ ಭಾಗ, ಅಳತೆ, ಯಾವ ಬೇನೆಗೆ, ಗುಣವಾಯಿತೋ ಇಲ್ಲವೋ, ಎಲ್ಲವನ್ನೂ ಬರೆಯಿರಿ. ಎಲೆಯನ್ನು ಒಣಗಿಸಿ ಅಂಟಿಸಿ. ವಿಜ್ಞಾನದ ಗುರುಗಳಿಗೆ ತೋರಿಸಿ. ಹಿರಿಯರೇ, ನಿಮ್ಮಲ್ಲಿ ಕೈಮುಗಿದು ಬೇಡುತ್ತೇನೆ: ಹೇಳಿದರೆ ಔಷಧದ ಗುಣ ಹೋಗುವುದಿಲ್ಲ. ಹೇಳದಿದ್ದರೆ ಗಿಡವೇ ಕಳೆದುಹೋಗುತ್ತದೆ.