ಆಟದ ಅಂಗಳದಲ್ಲಿ ಕನ್ನಡದ ಕಡತ



ಉದಗೀರ ಮತ್ತು ನಿಲಂಗಾ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಆ ವರ್ಷದ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೂ ಈ ತಾಲೂಕುಗಳು ಮುಂಬಯಿ ರಾಜ್ಯಕ್ಕೂ ಸೇರಿದವು. ಲಾತೂರ ಜಿಲ್ಲೆ 1982ರಲ್ಲಿ ರೂಪುಗೊಂಡಿತು. ಗಡಿರೇಖೆ ಸರಿದಷ್ಟು ಸುಲಭವಾಗಿ ಮನೆಮಾತು ಸರಿಯಲಿಲ್ಲ. ವಲಾಂಡಿಯಂತಹ ಊರಿನ ಮಗುವಿಗೆ ಒಲೆಯ ಮುಂದೆ ಕನ್ನಡ, ಸಂತೆಯಲ್ಲಿ ಮರಾಠಿ. ಈಗ ಇವೆರಡರ ಜೊತೆಗೆ ಮೂರನೆಯದೊಂದು ಅಂಗಳ ಬಂದಿದೆ. ಅದು ಹಲವರು ಏಕಕಾಲಕ್ಕೆ ಕೂಡಿ ಆಡುವ ಗಣಕದ ಆಟ. ಅಲ್ಲಿನ ಭಾಷೆ ಇಂಗ್ಲಿಷ್. ಅದು ಇಂಗ್ಲಿಷೇ ಆಗಿರಬೇಕೆಂಬ ನಿಯಮವೇನೂ ಇಲ್ಲ ಎಂಬುದನ್ನು ತೋರಿಸಲು ಇಲ್ಲಿ ಒಂದೇ ಒಂದು ತಂತ್ರಾಂಶವನ್ನು ಪರಿಶೀಲಿಸಲಾಗುವುದು.

ಅದರ ಹೆಸರು ಲುವಾಂಟಿ. 2010ರಲ್ಲಿ ಫಿನ್ಲೆಂಡಿನ ಪೆರ್ಟು ಆಹೋಲಾ ಎಂಬವರು ‘ಮೈನ್‌ಟೆಸ್ಟ್’ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿದರು. 2024ರಲ್ಲಿ ಹೆಸರು ಬದಲಾಯಿತು. ಫಿನ್ನಿಶ್ ನುಡಿಯಲ್ಲಿ ‘ಸೃಷ್ಟಿ’ ಎಂಬರ್ಥದ ಪದವನ್ನೂ ಲುವಾ ಎಂಬ ಕ್ರಮವಿಧಿ ಭಾಷೆಯ ಹೆಸರನ್ನೂ ಬೆಸೆದು ಮಾಡಿದ ಹೆಸರಿದು. ಲುವಾ 1993ರಲ್ಲಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೊದಲ್ಲಿ ಹುಟ್ಟಿದ ಭಾಷೆ. ಪೋರ್ಚುಗೀಸ್ ನುಡಿಯಲ್ಲಿ ಆ ಪದಕ್ಕೆ ಚಂದ್ರ ಎಂದರ್ಥ. ಲುವಾಂಟಿ ಮುಕ್ತ ತಂತ್ರಾಂಶ. ಅದರ ಒಳಗನ್ನು ಯಾರೂ ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು. ಶಾಲೆಯ ಒಂದು ಗಣಕವನ್ನೇ ಸರ್ವರ್ ಮಾಡಿಕೊಂಡು, ಅಂತರಜಾಲವಿಲ್ಲದೆ ಒಂದೇ ಕೋಣೆಯೊಳಗೆ ಆಡಿಸಬಹುದು. ಅಪರಿಚಿತರು ಬಂದು ಮಾತಿಗೆಳೆಯುವ ಸಾರ್ವಜನಿಕ ಸರ್ವರುಗಳಿಗಿಂತ ಮಕ್ಕಳಿಗೆ ಇದೇ ಲೇಸು.

ಲುವಾಂಟಿ ತಾನೇ ಒಂದು ಆಟವಲ್ಲ, ಆಟ ಕಟ್ಟುವ ಚೌಕಟ್ಟು. ಕಲ್ಲು, ಮರ, ಏಣಿ, ದೀವಟಿಗೆ, ಪೆಟ್ಟಿಗೆ ಎಲ್ಲವೂ ಹೊರಗಿನಿಂದ ಸೇರಿಸಿದ ಸಣ್ಣ ಸಣ್ಣ ಜೋಡಣೆಗಳಿಂದ ಬರುತ್ತವೆ. ಇವಕ್ಕೆ ‘ಮಾಡ್’ ಎನ್ನುತ್ತಾರೆ. ಕನ್ನಡದ ‘ಮಾಡು’ ಧಾತುವಿಗೂ ಇದಕ್ಕೂ ನಂಟಿಲ್ಲ. ಮಕ್ಕಳ ನೆನಪಿಗೆ ಮಾತ್ರ ಅದು ಚೆನ್ನಾಗಿ ಒದಗುತ್ತದೆ. ಬೇಸಾಯದ ಮಾಡ್‌ ಒಂದರಲ್ಲಿ ಗೋಧಿ ಮತ್ತು ಹತ್ತಿ ಇವೆ. ತೊಗರಿ ಬೇಕೆನಿಸಿದರೆ ಸೇರಿಸಿಕೊಳ್ಳಬೇಕು. ಲಾತೂರ ಸೀಮೆಯ ಮಕ್ಕಳಿಗೆ ಬೇಕೆನಿಸದೆ ಇರದು.

ಭಾಷೆಯೂ ಹೀಗೆಯೇ ಹೊರಗಿನಿಂದ ಸೇರುತ್ತದೆ. ಪ್ರತಿ ಮಾಡ್‌ನೊಳಗೆ ಅನುವಾದದ ಕಡತಗಳಿಗಾಗಿ ಒಂದು ಕೋಶವನ್ನು ಇಡಬಹುದು. ಕನ್ನಡದ ಕಡತಕ್ಕೆ ‘ಕೆಎನ್’, ಮರಾಠಿಯದಕ್ಕೆ ‘ಎಂಆರ್’ ಎಂಬ ಅಂತರರಾಷ್ಟ್ರೀಯ ಗುರುತಕ್ಷರ. ಸಮಚಿಹ್ನೆಯ ಎಡಕ್ಕೆ ಮೂಲ ವಾಕ್ಯ, ಬಲಕ್ಕೆ ಅನುವಾದ. ಇಷ್ಟೇ ಅದರ ರಚನೆ. 2019ರ 5.0 ಆವೃತ್ತಿಯಿಂದ, ಒಂದೇ ಸರ್ವರಿನಲ್ಲಿ ಕೂಡಿ ಆಡುವವರು ಅದೇ ಸಂದೇಶವನ್ನು ತಮ್ಮ ತಮ್ಮ ಭಾಷೆಯಲ್ಲಿ ಓದುವ ವ್ಯವಸ್ಥೆ ಬಂದಿದೆ. ಆದರೆ ಅನುವಾದವಿಲ್ಲದ ಸಾಲು ಎದುರಾದಾಗ ಯಂತ್ರ ದೋಷ ತೋರಿಸುವುದಿಲ್ಲ, ನಿಲ್ಲುವುದೂ ಇಲ್ಲ. ಮೂಲದ ಇಂಗ್ಲಿಷನ್ನೇ ತೋರಿಸಿ ಮುಂದೆ ಸಾಗುತ್ತದೆ. ಮಗುವೂ ಮುಂದೆ ಸಾಗುತ್ತದೆ. ಕನ್ನಡ ಪದ ನೆನಪಾಗದ ಕಡೆ ಮತ್ತೊಂದು ಭಾಷೆಯ ಪದ ಸದ್ದಿಲ್ಲದೆ ಬಂದು ಕೂರುವುದನ್ನು ಗಡಿಯ ಶಿಕ್ಷಕರು ದಿನವೂ ಕೇಳುತ್ತಾರೆ.

ಈಗ ವ್ಯಾಕರಣದ ವಿಷಯ. ಒಬ್ಬರು ಇನ್ನೊಬ್ಬರಿಗೆ ಒಂದು ವಸ್ತು ಕೊಟ್ಟರು ಎಂಬ ಸಂದೇಶವಿದೆ ಎಂದುಕೊಳ್ಳೋಣ. ಹೆಸರುಗಳು ಬರಬೇಕಾದ ಜಾಗದಲ್ಲಿ @1, @2, @3 ಎಂಬ ಗುರುತುಗಳಿರುತ್ತವೆ. ಇಂಗ್ಲಿಷಿನಲ್ಲಿ ಕೊಟ್ಟವರು, ಕ್ರಿಯೆ, ವಸ್ತು, ಪಡೆದವರು ಎಂಬುದು ಕ್ರಮ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರಬೇಕು: ‘@1 ಅವರು @3 ಅವರಿಗೆ @2 ಕೊಟ್ಟರು’. ಗುರುತುಗಳ ಸ್ಥಾನಪಲ್ಲಟಕ್ಕೆ ಯಂತ್ರದ ಅಡ್ಡಿಯಿಲ್ಲ. ತೊಡಕು ಬರುವುದು ವಿಭಕ್ತಿಯಲ್ಲಿ. ಕಲ್ಲು ‘ಕಲ್ಲನ್ನು’ ಆಗುತ್ತದೆ, ಮರ ‘ಮರವನ್ನು’, ಮಣೆ ‘ಮಣೆಯನ್ನು’. @2ರ ಜಾಗದಲ್ಲಿ ಯಾವ ಪದ ಬರುವುದೆಂದು ತಿಳಿಯದೆ ಪ್ರತ್ಯಯವನ್ನು ಅಂಟಿಸುವಂತಿಲ್ಲ. ಅಂಟಿಸಿದರೆ ‘ಮರಅನ್ನು’ ಎಂಬ ವಿಕಾರ ಹುಟ್ಟುತ್ತದೆ. ಜೀವವಿಲ್ಲದ ವಸ್ತುಗಳ ಮುಂದೆ ದ್ವಿತೀಯೆಯನ್ನು ಬಿಡುವ ರೂಢಿ ಕನ್ನಡದಲ್ಲಿ ಮೊದಲಿನಿಂದಲೂ ಇರುವುದರಿಂದ ‘ಕಲ್ಲು ಕೊಟ್ಟರು’ ಎಂದರೆ ಸಾಕು. ಜನರ ಹೆಸರಿಗೆ ‘ಅವರು’ ಸೇರಿಸಿದರೆ ಲಿಂಗದ ತೊಡಕೂ ಸ್ವರಾಂತ್ಯದ ತೊಡಕೂ ಒಟ್ಟಿಗೆ ತೀರುತ್ತವೆ. ಆಡುವ ಹುಡುಗನಿಗೂ ಬಹುವಚನದ ಗೌರವ ಸಿಗುತ್ತದೆ, ಸಿಗಲಿ. ಈ ಉಪಾಯ ಹೊಳೆಯುವುದು ಕ್ರಮವಿಧಿ ಬರೆಯುವವರಿಗಲ್ಲ, ವಿಭಕ್ತಿ ಪ್ರತ್ಯಯ ಕಲಿಸುವವರಿಗೆ.

ಯಾವ ಕನ್ನಡ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಪಠ್ಯದ ‘ಏಣಿ’ಗೆ ಉತ್ತರದ ಅನೇಕ ಮನೆಗಳಲ್ಲಿ ‘ನಿಚ್ಚಣಿಕೆ’ ಎಂಬ ಮಾತಿದೆ, ‘ಪೆಟ್ಟಿಗೆ’ಗೆ ‘ಸಂದೂಕ’. ಕಡತದಲ್ಲಿ ಒಂದನ್ನೇ ಬರೆಯಬೇಕು. ಮಕ್ಕಳು ಇದಕ್ಕಾಗಿ ಜಗಳವಾಡಿದರೆ ತಡೆಯಬಾರದು. ಪದಕೋಶದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಆರಂಭ ದೊರೆಯದು.

ಇಷ್ಟಾದರೂ ಒಂದು ಕೊರತೆಯನ್ನು ಮರೆಮಾಚುವಂತಿಲ್ಲ. ಲುವಾಂಟಿ ಪರದೆಯ ಮೇಲೆ ಅಕ್ಷರಗಳನ್ನು ಒಂದರ ಪಕ್ಕ ಒಂದರಂತೆ ಇಡುತ್ತದೆ. ರೋಮನ್ ಲಿಪಿಗೆ ಅಷ್ಟು ಸಾಕು, ಕನ್ನಡಕ್ಕೆ ಸಾಲದು. ‘ಕ್ಷೇತ್ರ’ದಂತಹ ಪದದ ಒತ್ತು ಮತ್ತು ಸ್ವರಚಿಹ್ನೆಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಬೀಳುತ್ತವೆ. ದೇವನಾಗರಿಯಲ್ಲಿ ಬರೆಯುವ ಮರಾಠಿಗೂ ಇದೇ ಗತಿ. ಗಡಿಯ ಎರಡು ಭಾಷೆಗಳು ಇಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಅಕ್ಷರ ಕೂಡಿಸುವ ‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶ ಆಗಲೇ ಇದೆ. ಆಂಡ್ರಾಯ್ಡ್ ಫೋನುಗಳಲ್ಲಿಯೂ ಫೈರ್‌ಫಾಕ್ಸಿನಲ್ಲಿಯೂ ಕನ್ನಡ ಸರಿಯಾಗಿ ಮೂಡುವುದು ಅದರ ನೆರವಿನಿಂದ. ಎರಡನ್ನೂ ಬೆಸೆಯುವ ಕೆಲಸ ಬಾಕಿಯಿದೆ. ಎರಡರ ಒಳಗೂ ತೆರೆದಿರುವುದರಿಂದ ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಅಲ್ಲಿಯವರೆಗೆ ಕಡತ ಬರೆಯುವ ಕೆಲಸ ಕಾಯಬೇಕಾಗಿಲ್ಲ. ಏಳನೆಯ ತರಗತಿಯಲ್ಲಿ ಇಪ್ಪತ್ತು ಸಾಲುಗಳನ್ನು ಹಲಗೆಯ ಮೇಲೆ ಬರೆದು, ನಾಲ್ಕು ಗುಂಪುಗಳಿಗೆ ಐದೈದರಂತೆ ಹಂಚಬಹುದು. ಬಳಿಕ ಬೆರಳಚ್ಚು ಮಾಡುವಾಗ ಯುನಿಕೋಡನ್ನೇ ಬಳಸಬೇಕು. ಹಳೆಯ ನುಡಿ, ಬರಹಗಳ ಯುನಿಕೋಡೇತರ ವಿನ್ಯಾಸದಲ್ಲಿ ಬರೆದರೆ ಯಂತ್ರಕ್ಕೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಮೊದಲ ಐದು ಸಾಲುಗಳಲ್ಲಿ ಹತ್ತಿ ಮತ್ತು ಗೋಧಿ ಇರಲಿ, ಮಕ್ಕಳು ಕೇಳುವ ತೊಗರಿಗೂ ಒಂದು ಸಾಲನ್ನು ಖಾಲಿ ಬಿಟ್ಟಿರಲಿ.